ಮನೆಯ ಪ್ರೋಬಿಗೆ ಒಂದು ಬೇರಿಂಗಿನ ಸಾಕ್ಷಿ

ತನ್ನ ಮೇಜು ಎಷ್ಟು ಸರಿಯಿತು ಎಂಬುದು ಮಿಲ್ಲಿಂಗ್ ಯಂತ್ರಕ್ಕೆ ಗೊತ್ತು. ಆ ಮೇಜಿನ ಮೇಲೆ ವೈಸಿನಲ್ಲಿ ಬಿಗಿದಿಟ್ಟ ಜಾಬ್ ಎಲ್ಲಿ ಶುರುವಾಗುತ್ತದೆ, ಅದರ ನಡುವಿನ ರಂಧ್ರದ ಕೇಂದ್ರ ಎಲ್ಲಿದೆ ಎಂಬುದು ಗೊತ್ತಿಲ್ಲ. ಅದನ್ನು ಯಾರಾದರೂ ಹೇಳಿಕೊಡಬೇಕು. ಹಳೆಯ ಕೆಲಸಗಾರರು ತಿರುಗುವ ಕಟ್ಟರಿಗೂ ಜಾಬಿಗೂ ನಡುವೆ ಸಿಗರೇಟು ಕಾಗದದ ಚೂರು ಹಿಡಿದು, ಕಟ್ಟರ್ ಅದನ್ನು ಎಳೆದುಕೊಂಡ ಗಳಿಗೆಯನ್ನೇ ಅಂಚು ಎಂದು ಗುರುತಿಸುತ್ತಿದ್ದರು. ಆಮೇಲೆ ಎಡ್ಜ್ ಫೈಂಡರ್ ಬಂತು. ಈಗ ಕಂಪ್ಯೂಟರ್ ನಡೆಸುವ ಸಣ್ಣ ಮಿಲ್ಲಿಂಗ್ ಯಂತ್ರಗಳು ಗ್ಯಾರೇಜಿಗೂ ಮಹಡಿಯ ಶೆಡ್ಡಿಗೂ ಬಂದಿವೆ. ಅವುಗಳನ್ನು ಇಟ್ಟುಕೊಂಡವರಿಗೆ ಬೇಗ ಬೇಕೆನಿಸುವುದು ಟಚ್ ಪ್ರೋಬ್. ಸ್ಪಿಂಡಲ್‌ಗೆ ಸಿಕ್ಕಿಸಿ, ಅದರ ಮೊನೆಯ ಗುಂಡನ್ನು ಜಾಬಿಗೆ ಮೆಲ್ಲಗೆ ತಾಗಿಸಿದರೆ ಒಳಗಿನ ಸರ್ಕ್ಯೂಟ್ ತೆರೆದುಕೊಳ್ಳುತ್ತದೆ, ಕಂಟ್ರೋಲರ್ ಆ ಸ್ಥಾನವನ್ನು ಬರೆದಿಟ್ಟುಕೊಳ್ಳುತ್ತದೆ.

ಇದರ ಮೂಲ ವಿನ್ಯಾಸ 1972ರದು. ಬ್ರಿಸ್ಟಲ್‌ನ ರೋಲ್ಸ್ ರಾಯ್ಸ್ ಕಾರ್ಖಾನೆಯಲ್ಲಿ ಕಾಂಕಾರ್ಡ್ ವಿಮಾನದ ಒಲಿಂಪಸ್ ಎಂಜಿನ್ನಿನ ಸಣ್ಣ ಇಂಧನ ಕೊಳವೆಗಳನ್ನು ಅಳೆಯಬೇಕಾಗಿತ್ತು. ಗಡುಸಾದ ಪ್ರೋಬನ್ನು ಕೈಯಿಂದ ಒತ್ತಿದರೆ ಕೊಳವೆಯೇ ಬಾಗುತ್ತಿತ್ತು. ಅಲ್ಲಿ ಎಂಜಿನಿಯರ್ ಆಗಿದ್ದ ಡೇವಿಡ್ ಮ್ಯಾಕ್‌ಮರ್ಟ್ರಿ, ತಾಗಿದೊಡನೆ ಒಳಗೆ ಸಡಿಲಗೊಂಡು ಸುದ್ದಿ ಕೊಡುವ, ಬಿಟ್ಟೊಡನೆ ಹಿಂದಿನ ಸ್ಥಾನಕ್ಕೇ ಕರಾರುವಾಕ್ಕಾಗಿ ಮರಳುವ ಪ್ರೋಬ್ ರೂಪಿಸಿದರು. ಮರುವರ್ಷ ಜಾನ್ ಡಿಯರ್ ಜೊತೆ ಸೇರಿ ರೆನಿಶಾ ಕಂಪನಿ ಕಟ್ಟಿದರು. ಒಳಗಿನ ಉಪಾಯ ಸರಳ. ಮೂರು ತೋಳುಗಳ ಒಂದು ಚಕ್ಕೆ. ಪ್ರತಿ ತೋಳೂ ಎರಡು ಉಕ್ಕಿನ ಗುಂಡುಗಳ ನಡುವಿನ ತಗ್ಗಿನಲ್ಲಿ ಕೂರುತ್ತದೆ. ಮೇಲಿನಿಂದ ಸ್ಪ್ರಿಂಗ್ ಒತ್ತುತ್ತದೆ. ಹೀಗೆ ಒಟ್ಟು ಆರು ಸಂಪರ್ಕ ಬಿಂದುಗಳು. ವಸ್ತುವೊಂದಕ್ಕೆ ಅಲುಗಲು ಇರುವ ದಾರಿಗಳೂ ಆರೇ: ಮೂರು ಸರಿಯುವವು, ಮೂರು ತಿರುಗುವವು. ಆರಕ್ಕೆ ಆರು ಬಿಂದು ಕೊಟ್ಟಾಗ ಅದು ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರಲೇಬೇಕು. ಆರೂ ಬಿಂದುಗಳ ಮೂಲಕ ಒಂದೇ ಸಾಲಿನಲ್ಲಿ ವಿದ್ಯುತ್ ಹರಿಸಿದರೆ, ಯಾವ ದಿಕ್ಕಿನಿಂದ ತಳ್ಳಿದರೂ ಒಂದಾದರೂ ಬಿಂದು ಬಿಡುತ್ತದೆ, ಹರಿವು ನಿಲ್ಲುತ್ತದೆ.

ಇಂಥದ್ದನ್ನು ಮನೆಯಲ್ಲಿ ಮಾಡಬಹುದು, ಮಾಡುವವರು ಬಹಳ ಮಂದಿ ಇದ್ದಾರೆ. ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳು, ಮೂರು ಡೋವೆಲ್ ಪಿನ್ನು, ಡೆಲ್ರಿನ್ ತುಂಡು, ಒಂದು ಸ್ಪ್ರಿಂಗು, ಎಪಾಕ್ಸಿ ಅಂಟು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ತೆಳು ತಂತಿ. ಮೊನೆಗೆ 2 ಮಿಲಿಮೀಟರಿನ ಕೃತಕ ಮಾಣಿಕ್ಯದ ಗುಂಡಿರುವ ಸ್ಟೈಲಸ್ ಮಾತ್ರ ಕೊಂಡುಕೊಳ್ಳುವುದು ವಾಸಿ. ಮಾಡುವುದು ಅರ್ಧ ಕೆಲಸ. ಇನ್ನರ್ಧ, ಅದು ಕೊಡುವ ಅಂಕಿಗೆ ಅರ್ಥ ಕೊಡುವುದು, ಅಂದರೆ ಕ್ಯಾಲಿಬ್ರೇಶನ್. ಹವ್ಯಾಸಿಗಳು ಹೆಚ್ಚಾಗಿ ಅವಸರಿಸುವುದು ಇಲ್ಲಿಯೇ. ಗುಂಡು 2 ಮಿಲಿಮೀಟರ್ ಇದೆ, ಹಾಗಾಗಿ 2 ಎಂದು ಕಂಟ್ರೋಲರಿಗೆ ತುಂಬಿದರೆ ಆಯಿತು ಎಂದುಕೊಳ್ಳುತ್ತಾರೆ. ಅದು ಸರಿಯಲ್ಲ. ಪ್ರೋಬಿನ ಗುಂಡು ಯಂತ್ರದ ಪಾಲಿಗೆ 2 ಮಿಲಿಮೀಟರ್ ಇರುವುದೇ ಇಲ್ಲ.

ಏಕೆಂದರೆ ಗುಂಡು ಜಾಬಿಗೆ ತಾಗಿದ ಗಳಿಗೆಗೂ ಸರ್ಕ್ಯೂಟ್ ತೆರೆದ ಗಳಿಗೆಗೂ ನಡುವೆ ಯಂತ್ರ ಸ್ವಲ್ಪ ಮುಂದೆ ಸಾಗಿರುತ್ತದೆ. ಸ್ಪ್ರಿಂಗಿನ ಒತ್ತಡವನ್ನು ಮೀರುವ ತನಕ ಸ್ಟೈಲಸ್ ಬಾಗುತ್ತದೆ. ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕಬಹುದು. 2 ಮಿಲಿಮೀಟರ್ ದಪ್ಪ, 40 ಮಿಲಿಮೀಟರ್ ಉದ್ದದ ಉಕ್ಕಿನ ಕಡ್ಡಿಯ ತುದಿಗೆ ಸುಮಾರು 50 ಗ್ರಾಂ ತೂಕದಷ್ಟು ಬಲ ಹಾಕಿದರೆ ಅದು 0.068 ಮಿಲಿಮೀಟರ್ ಬಾಗುತ್ತದೆ. ಉದ್ದವನ್ನು ಅರ್ಧ ಮಾಡಿದರೆ ಬಾಗು ಅರ್ಧವಾಗುವುದಿಲ್ಲ, ಎಂಟನೇ ಒಂದು ಭಾಗಕ್ಕೆ, ಅಂದರೆ ಸುಮಾರು 0.0085ಕ್ಕೆ ಇಳಿಯುತ್ತದೆ. ಉದ್ದದ ಘನಕ್ಕೆ ಅನುಗುಣವಾಗಿ ಬಾಗು ಹೆಚ್ಚುವುದೇ ಇದರ ಕಾರಣ. ದಪ್ಪವನ್ನು 3 ಮಿಲಿಮೀಟರಿಗೆ ಏರಿಸಿದರೆ ಐದನೇ ಒಂದು ಭಾಗವಾಗುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಕಡ್ಡಿಯಾದರೆ ಉಕ್ಕಿನ ಮೂರನೇ ಒಂದು ಭಾಗದಷ್ಟು. ಹಾಗಾಗಿ ಕೆಲಸಕ್ಕೆ ಬೇಕಾದಷ್ಟೇ ಉದ್ದದ ಸ್ಟೈಲಸ್ ಹಾಕಿ. ಆಳಕ್ಕೆ ಇಳಿಯಲಿ ಎಂದು ಉದ್ದನೆಯದನ್ನು ಕಾಯಂ ಆಗಿ ಇಟ್ಟುಕೊಳ್ಳಬೇಡಿ.

ಈ ಬಾಗು ತಪ್ಪಲ್ಲ, ಅದು ಪ್ರತಿ ಸಲವೂ ಅಷ್ಟೇ ಇರುವ ತನಕ. ಸಂತೆಯ ತಕ್ಕಡಿಯೊಂದು ಯಾವಾಗಲೂ 50 ಗ್ರಾಂ ಕಡಿಮೆ ತೋರಿಸಿದರೆ ಅದರಲ್ಲಿ ವ್ಯಾಪಾರ ಮಾಡಬಹುದು. ಒಮ್ಮೆ 20, ಒಮ್ಮೆ 80 ತೋರಿಸಿದರೆ ಮೂಲೆಗೆ ಹಾಕಬೇಕು. ಸ್ಥಿರವಾದ ದೋಷವನ್ನು ಒಂದು ಅಂಕಿಯಿಂದ ಕಳೆಯಬಹುದು. ಅಲೆದಾಡುವ ದೋಷಕ್ಕೆ ಯಾವ ಅಂಕಿಯೂ ಮದ್ದಲ್ಲ. ಆದ್ದರಿಂದ ಕ್ಯಾಲಿಬ್ರೇಶನ್ ಶುರುವಾಗುವುದು ಅಳತೆಯ ಪ್ರಮಾಣದಿಂದ ಅಲ್ಲ, ಪುನರಾವರ್ತನೆಯಿಂದ. ವೈಸಿನಲ್ಲಿ ಗ್ರೈಂಡ್ ಮಾಡಿದ ಬ್ಲಾಕ್ ಹಿಡಿದು ಒಂದೇ ಬಿಂದುವನ್ನು ಒಂದೇ ದಿಕ್ಕಿನಿಂದ, ಒಂದೇ ವೇಗದಲ್ಲಿ ಹತ್ತು ಸಲ ತಾಗಿಸಿ. ಬಂದ ಹತ್ತು ಅಂಕಿಗಳಲ್ಲಿ ಅತಿ ದೊಡ್ಡದರಿಂದ ಅತಿ ಚಿಕ್ಕದನ್ನು ಕಳೆಯಿರಿ. ಹವ್ಯಾಸಿ ಯಂತ್ರಕ್ಕೆ ಈ ವ್ಯತ್ಯಾಸ 0.01 ಮಿಲಿಮೀಟರಿನ ಒಳಗಿದ್ದರೆ ಮುಂದುವರಿಯಬಹುದು. ಮೀರಿದರೆ ಅಲ್ಲಿಯೇ ನಿಲ್ಲಿಸಿ, ಪ್ರೋಬನ್ನು ಬಿಚ್ಚಿ ನೋಡಿ.

ಬಿಚ್ಚಿದಾಗ ಸಿಗುವ ಕಾರಣಗಳು ಹೆಚ್ಚುಕಡಿಮೆ ಇವೇ: ಗುಂಡುಗಳ ಮೇಲೆ ಕೂತ ಎಣ್ಣೆಯ ಪೊರೆ, ಎಪಾಕ್ಸಿಯ ಚೂರು, ಹೆಚ್ಚು ವಿದ್ಯುತ್ ಹರಿದು ಕಿಡಿಯಾಗಿ ಕಪ್ಪುಗಟ್ಟಿದ ಸಂಪರ್ಕ, ಸಡಿಲವಾದ ಸ್ಟೈಲಸ್ ತಿರುಪು. 5 ವೋಲ್ಟಿಗೆ 1000 ಓಮ್ ರೆಸಿಸ್ಟರ್ ಹಾಕಿ ಪ್ರವಾಹವನ್ನು 5 ಮಿಲಿಆಂಪಿಗೆ ಇಳಿಸಿದರೆ ಕಿಡಿಯ ಕಾಟ ಕಡಿಮೆ. ಸ್ಪಿಂಡಲ್ ಮೋಟಾರಿನ ತಂತಿಯ ಪಕ್ಕದಲ್ಲೇ ಪ್ರೋಬಿನ ತಂತಿ ಹಾದುಹೋದರೆ ಸುಳ್ಳು ಸಂಕೇತಗಳು ಬರುತ್ತವೆ. ಶೀಲ್ಡ್ ಇರುವ ಕೇಬಲ್ ಹಾಕಿ, ದಾರಿ ಬೇರೆ ಮಾಡಿ. ಆರು ಸಂಪರ್ಕಗಳ ಪ್ರೋಬ್ ಸಹಜವಾಗಿಯೇ ಮುಚ್ಚಿದ ಸರ್ಕ್ಯೂಟ್, ತಾಗಿದಾಗ ತೆರೆಯುವಂಥದ್ದು. ಇದು ದೊಡ್ಡ ಅನುಕೂಲ. ತಂತಿ ತುಂಡಾದರೂ ಯಂತ್ರ ಅದನ್ನು ತಾಗಿದಂತೆಯೇ ಅರ್ಥಮಾಡಿಕೊಂಡು ನಿಲ್ಲುತ್ತದೆ, ಪ್ರೋಬನ್ನು ಜಾಬಿಗೆ ಅಪ್ಪಳಿಸುವುದಿಲ್ಲ. ಆದರೂ ಮೊದಲ ದಿನ ಖಾಲಿ ಜಾಗದಲ್ಲಿ ಯಂತ್ರವನ್ನು ನಿಧಾನವಾಗಿ ಓಡಿಸಿ, ಬೆರಳಿನಿಂದ ಸ್ಟೈಲಸ್ ತಳ್ಳಿ, ನಿಲ್ಲುತ್ತದೆಯೇ ಎಂದು ನೋಡದೆ ಮುಂದೆ ಹೋಗಲೇಬೇಡಿ.

ವೇಗದ ವಿಷಯ. ಕಂಟ್ರೋಲರಿನ ತಂತ್ರಾಂಶ ಜಿಆರ್‌ಬಿಎಲ್ ಆಗಲಿ, ಲಿನಕ್ಸ್‌ಸಿಎನ್‌ಸಿ ಆಗಲಿ, ಪ್ರೋಬಿಂಗಿಗೆ ಜಿ38.2 ಎಂಬ ಆಜ್ಞೆ ಇದೆ. ಸಂಕೇತ ಬಂದ ಗಳಿಗೆಯ ಸ್ಥಾನ ದಾಖಲಾಗುತ್ತದೆ, ಆಮೇಲೆ ಯಂತ್ರ ವೇಗ ತಗ್ಗಿಸಿ ನಿಲ್ಲುತ್ತದೆ. ಹಾಗಾಗಿ ನಿಲ್ಲುವಾಗಿನ ಜಾರುವಿಕೆ ಅಂಕಿಯನ್ನು ಕೆಡಿಸುವುದಿಲ್ಲ; ಸಂಕೇತ ತಲುಪುವ ತಡ ಮಾತ್ರ ಕೆಡಿಸುತ್ತದೆ. ನಿಮಿಷಕ್ಕೆ 300 ಮಿಲಿಮೀಟರ್ ವೇಗದಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗ ತಡವಾದರೆ 5 ಮೈಕ್ರಾನ್ ಜಾರುತ್ತದೆ. ನಿಮಿಷಕ್ಕೆ 60 ಮಿಲಿಮೀಟರಿನಲ್ಲಿ ಅದೇ ತಡಕ್ಕೆ 1 ಮೈಕ್ರಾನ್. ಅದಕ್ಕೇ ಎರಡು ಸಲ ತಾಗಿಸುವ ಪದ್ಧತಿ: ಮೊದಲು ವೇಗವಾಗಿ ಹೋಗಿ ಹುಡುಕುವುದು, ಮಿಲಿಮೀಟರಿನಷ್ಟು ಹಿಂದೆ ಸರಿದು, ನಿಧಾನವಾಗಿ ಮತ್ತೆ ತಾಗಿಸಿ ಅಂಕಿ ಪಡೆಯುವುದು. ಕ್ಯಾಲಿಬ್ರೇಶನ್ ಮಾಡಿದ ವೇಗವೇ ಮುಂದೆ ಅಳತೆಯ ವೇಗವೂ ಆಗಿರಬೇಕು. ವೇಗ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಮುಂದಿನದು ಗುಂಡನ್ನು ಸ್ಪಿಂಡಲ್ ಅಕ್ಷದ ಮೇಲೆ ತರುವುದು. ಡಯಲ್ ಇಂಡಿಕೇಟರಿನ ಮೊನೆಯನ್ನು ಗುಂಡಿನ ಹೊಟ್ಟೆಗೆ ತೀರಾ ಹಗುರವಾಗಿ ತಾಗಿಸಿ, ಯಂತ್ರದ ವಿದ್ಯುತ್ ಕಡಿತ ಮಾಡಿ, ಸ್ಪಿಂಡಲನ್ನು ಕೈಯಿಂದ ತಿರುಗಿಸಬೇಕು. ಮುಳ್ಳು ಓಲಾಡುತ್ತದೆ. ಪ್ರೋಬಿನ ಮೈಗೂ ಹಿಡಿಕೆಗೂ ನಡುವೆ ನಾಲ್ಕು ತಿರುಪುಗಳನ್ನು ಮೊದಲೇ ಇಟ್ಟಿದ್ದರೆ, ಎದುರುಬದುರಿನವನ್ನು ಒಂದನ್ನು ಸಡಿಲಿಸಿ ಮತ್ತೊಂದನ್ನು ಬಿಗಿದು ಓಲಾಟವನ್ನು ತಗ್ಗಿಸಬಹುದು. ಪೂರ್ತಿ ತೆಗೆಯಲು ಹೆಣಗಬೇಕಿಲ್ಲ, ಅದಕ್ಕೊಂದು ಬೇರೆ ದಾರಿ ಮುಂದೆ ಇದೆ. ಕೇಬಲ್ ಸುತ್ತಿಕೊಳ್ಳದಂತೆ ಅರ್ಧ ಸುತ್ತು ಹೋಗಿ ಅರ್ಧ ಸುತ್ತು ಹಿಂದೆ ಬನ್ನಿ.

ಈಗ ಪ್ರಮಾಣ. ಕಾರ್ಖಾನೆಗಳಲ್ಲಿ ಇದಕ್ಕೆ, ನಿಖರ ಅಳತೆ ಗೊತ್ತಿರುವ ರಿಂಗ್ ಗೇಜ್ ಮತ್ತು ಸ್ಲಿಪ್ ಗೇಜ್ ಇರುತ್ತವೆ. ಸ್ವೀಡನ್ನಿನ ಎಸ್ಕಿಲ್‌ಸ್ಟೂನದ ಕಾರ್ಲ್ ಎಡ್ವರ್ಡ್ ಯೊಹಾನ್ಸನ್ ಕೊಟ್ಟ ಸ್ಲಿಪ್ ಗೇಜ್‌ಗಳ ಪೆಟ್ಟಿಗೆ ಇಲ್ಲದ ಮಾಪನ ಕೋಣೆ ಇಲ್ಲ. ಆದರೆ ಪ್ರಮಾಣಪತ್ರವಿರುವ ರಿಂಗ್ ಗೇಜ್ ಹವ್ಯಾಸಿಗೆ ದುಬಾರಿ. ಅದರ ಜಾಗದಲ್ಲಿ ನಿಲ್ಲಬಲ್ಲ ವಸ್ತು ಎಲ್ಲ ಊರಿನ ಆಟೋಮೊಬೈಲ್ ಬಿಡಿಭಾಗಗಳ ಅಂಗಡಿಯಲ್ಲಿದೆ: 6202 ಸಂಖ್ಯೆಯ ಬಾಲ್ ಬೇರಿಂಗ್. ಅದರ ಒಳಬೋರು 15 ಮಿಲಿಮೀಟರ್, ಹೊರವ್ಯಾಸ 35, ಅಗಲ 11. ಸಾಮಾನ್ಯ ದರ್ಜೆಯ ಬೇರಿಂಗಿನಲ್ಲೂ ಬೋರಿನ ಸರಾಸರಿ ವ್ಯಾಸ 15ಕ್ಕಿಂತ ಹೆಚ್ಚೆಂದರೆ 8 ಮೈಕ್ರಾನ್ ಕಡಿಮೆ ಇರಬಹುದು, ಹೊರವ್ಯಾಸ 35ಕ್ಕಿಂತ ಹೆಚ್ಚೆಂದರೆ 11 ಮೈಕ್ರಾನ್ ಕಡಿಮೆ; ಮೇಲೆ ಹೋಗುವಂತಿಲ್ಲ. ಇಷ್ಟು ಕಡಿಮೆ ಹಣಕ್ಕೆ ಇಷ್ಟು ನಂಬಿಕಸ್ಥ ಅಳತೆ ಇನ್ನೊಂದಿಲ್ಲ. ಹೆಸರಾಂತ ಕಂಪನಿಯ ಹೊಸ ಬೇರಿಂಗ್ ಕೊಳ್ಳಿ, ಓಡಿಸಿ ತೆಗೆದದ್ದು ಬೇಡ.

ಬೇರಿಂಗಿನ ಮೇಲಿನ ತುಕ್ಕುನಿರೋಧಕ ಎಣ್ಣೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಸಮತಟ್ಟಾದ ಪ್ಲೇಟಿನ ಮೇಲೆ ಮಲಗಿಸಿ. ಒಳಬಳೆಗೂ ಹೊರಬಳೆಗೂ ನಡುವೆ ಮೈಕ್ರಾನುಗಳ ಲೆಕ್ಕದ ಆಟ ಇದ್ದೇ ಇರುತ್ತದೆ. ಪ್ರೋಬ್ ತಾಗಿದಾಗ ಒಳಬಳೆ ಸರಿದರೆ ಬೋರು ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಎರಡೂ ಬಳೆಗಳ ಮೇಲೆ ಕೂರುವ ಚಪ್ಪಟೆ ಪಟ್ಟಿಗಳಿಂದ ಮೇಲಿನಿಂದಲೇ ಹಗುರವಾಗಿ ಒತ್ತಿಹಿಡಿಯಿರಿ. ಪಟ್ಟಿಗಳು ಮೂಲೆಯ ದಿಕ್ಕಿನಲ್ಲಿರಲಿ, ಎಕ್ಸ್ ಮತ್ತು ವೈ ದಾರಿ ಬಿಡುವಾಗಿರಲಿ. ಬದಿಯಿಂದ ವೈಸಿನಲ್ಲಿ ಹಿಡಿಯಲೇಬೇಡಿ, ಬಳೆ ಅಂಡಾಕಾರವಾದೀತು. ಅಂಚಿನ ಚ್ಯಾಂಫರಿನಿಂದ ದೂರ, ಅಗಲದ ನಡುಮಟ್ಟದಲ್ಲಿ ಗುಂಡು ತಾಗಬೇಕು.

ಮೊದಲು ಕೇಂದ್ರ ಹುಡುಕಿ. ಎಕ್ಸ್ ದಿಕ್ಕಿನಲ್ಲಿ ಎರಡೂ ಬದಿ ತಾಗಿಸಿ ನಡುವಿಗೆ ಬನ್ನಿ, ವೈ ದಿಕ್ಕಿನಲ್ಲಿ ಹಾಗೆಯೇ ಮಾಡಿ, ಮತ್ತೆ ಎಕ್ಸ್ ತಾಗಿಸಿ. ಎರಡನೇ ಸಲದ ಎಕ್ಸ್ ಅಂಕಿಯೇ ಲೆಕ್ಕಕ್ಕೆ. ಏಕೆಂದರೆ ಕೇಂದ್ರದಿಂದ ಅರ್ಧ ಮಿಲಿಮೀಟರ್ ಆಚೆ ಅಳೆದರೆ ನಿಮಗೆ ಸಿಗುವುದು ವ್ಯಾಸವಲ್ಲ, ಅದಕ್ಕಿಂತ 0.038 ಮಿಲಿಮೀಟರ್ ಚಿಕ್ಕದಾದ ಜ್ಯಾ. ಆಮೇಲಿನ ಲೆಕ್ಕ ಶಾಲೆಯ ಮಟ್ಟದ್ದು. ಬೋರಿನೊಳಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಯಂತ್ರ ಸಾಗಿದ ದೂರವನ್ನು 15ರಿಂದ ಕಳೆದರೆ ಸಿಗುವುದು ಗುಂಡಿನ ಕಾರ್ಯಕಾರಿ ವ್ಯಾಸ, ಅಂದರೆ ಯಂತ್ರದ ಪಾಲಿಗೆ ಗುಂಡಿನ ವ್ಯಾಸ. ಹೊರಮೈಯಲ್ಲಿ ಸಾಗಿದ ದೂರದಿಂದ 35 ಕಳೆದರೆ ಅದೇ ಗುಂಡಿನ ಕಾರ್ಯಕಾರಿ ವ್ಯಾಸ. ಎರಡೂ ಒಂದೇ ಆಗಬೇಕು.

ಹೆಚ್ಚಿನ ಯಂತ್ರಗಳಲ್ಲಿ ಒಂದೇ ಆಗುವುದಿಲ್ಲ. ಈ ಬರಹದಲ್ಲಿ ನನಗೆ ಮುಖ್ಯವಾದ ಮಾತು ಇದೇ. ಬೋರು ಮಾತ್ರ ಅಳೆದು ಅಂಕಿ ತುಂಬಿಕೊಂಡವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಒಂದು ಉದಾಹರಣೆ ಲೆಕ್ಕ ನೋಡಿ. ಬೋರಿನಲ್ಲಿ ಯಂತ್ರ ಸಾಗಿದ್ದು 13.046 ಎಂದುಕೊಳ್ಳಿ, ಗುಂಡು 1.954. ಹೊರಗೆ ಸಾಗಿದ್ದು 36.984, ಗುಂಡು 1.984. ಒಂದೇ ಗುಂಡಿಗೆ ಎರಡು ವ್ಯಾಸ, ನಡುವೆ 0.030 ಅಂತರ. ಬ್ಯಾಕ್‌ಲ್ಯಾಶ್, ಅಂದರೆ ಮೇಜನ್ನು ಸರಿಸುವ ಸ್ಕ್ರೂವಿನ ಆಟ, ಇದಕ್ಕೆ ಕಾರಣವಲ್ಲ. ಸ್ಕ್ರೂವಿನಲ್ಲಿ ಆಟವಿದ್ದರೆ ಬೋರು ಅಷ್ಟು ದೊಡ್ಡದಾಗಿಯೂ ಹೊರವ್ಯಾಸ ಅಷ್ಟೇ ಚಿಕ್ಕದಾಗಿಯೂ ಕಾಣುತ್ತದೆ ನಿಜ, ಆದರೆ ಗುಂಡಿನ ಲೆಕ್ಕಕ್ಕೆ ಬಂದಾಗ ಎರಡೂ ಕಡೆ ಗುಂಡನ್ನು ಅಷ್ಟೇ ಚಿಕ್ಕದಾಗಿ ತೋರಿಸುತ್ತದೆ. ಸ್ಟೈಲಸ್ಸಿನ ಬಾಗೂ ಹಾಗೆಯೇ. ಎರಡು ಲೆಕ್ಕಗಳನ್ನು ಎರಡು ದಿಕ್ಕಿಗೆ ಎಳೆಯುವುದು ಯಂತ್ರದ ಅಳತೆಗೋಲೇ ತಪ್ಪಿರುವುದು: ಕಂಟ್ರೋಲರ್ 100 ಮಿಲಿಮೀಟರ್ ಎಂದಾಗ ಮೇಜು ನಿಜವಾಗಿ 100 ಸರಿಯದಿರುವುದು. ಎರಡು ಲೆಕ್ಕಗಳ ಅಂತರವನ್ನು 15 ಮತ್ತು 35ರ ಮೊತ್ತವಾದ 50ರಿಂದ ಭಾಗಿಸಿದರೆ ಆ ತಪ್ಪಿನ ಪ್ರಮಾಣ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 0.0006, ಅಂದರೆ 100 ಮಿಲಿಮೀಟರಿಗೆ 0.06. ಪರೀಕ್ಷೆಗೆ, ಬೋರಿನ ಲೆಕ್ಕಕ್ಕೆ 13ರ 0.0006 ಭಾಗ ಕೂಡಿಸಿ, ಹೊರಗಿನ ಲೆಕ್ಕದಿಂದ 37ರ 0.0006 ಭಾಗ ಕಳೆಯಿರಿ, ಎರಡೂ 1.962ಕ್ಕೆ ಬಂದು ನಿಲ್ಲುತ್ತವೆ. ಗುಂಡಿನ ಕಾರ್ಯಕಾರಿ ವ್ಯಾಸ ಅದು.

ಪ್ರೋಬನ್ನು ಪರೀಕ್ಷಿಸಲು ಹೊರಟವರಿಗೆ ಯಂತ್ರದ ದೋಷ ಸಿಕ್ಕಿತು. ಈಗ ಮಾಡಬೇಕಾದ್ದು ಜಿಆರ್‌ಬಿಎಲ್‌ನ $100 ಮತ್ತು $101 ಸೆಟ್ಟಿಂಗುಗಳಲ್ಲಿ ಎಕ್ಸ್, ವೈ ದಿಕ್ಕಿನ ಪ್ರತಿ ಮಿಲಿಮೀಟರಿನ ಸ್ಟೆಪ್ಪುಗಳನ್ನು ಸರಿಪಡಿಸುವುದು. ಹೊರಗಿನ ಲೆಕ್ಕ ದೊಡ್ಡದಾಗಿ ಬಂದಿದ್ದರೆ ಸ್ಟೆಪ್ಪು ಸಾಲದು ಎಂದರ್ಥ. 400 ಇದ್ದದ್ದು 400.24 ಆಗಬೇಕು. ಎರಡೂ ದಿಕ್ಕುಗಳನ್ನು ಬೇರೆ ಬೇರೆಯಾಗಿ ಅಳೆದು, ಬೇರೆ ಬೇರೆಯಾಗಿ ಸರಿಪಡಿಸಿ. ಬೇರಿಂಗಿನ ಸ್ವಂತ ಮಿತಿ 8 ಮತ್ತು 11 ಮೈಕ್ರಾನು ಎಂಬುದನ್ನು ಮರೆಯಬೇಡಿ. ಎರಡು ಲೆಕ್ಕಗಳ ಅಂತರ 0.02ರೊಳಗೆ ಇದ್ದರೆ ಸ್ಟೆಪ್ಪಿಗೆ ಕೈಹಾಕುವುದು ಬೇಡ. ಇದು ಸ್ಕ್ರೂವಿನ ಆ ಒಂದು ತುಣುಕಿನ ಮಾತು ಕೂಡ. ಬೇರಿಂಗನ್ನು ಮೇಜಿನ ಎಡಕ್ಕೆ, ಬಲಕ್ಕೆ ಸರಿಸಿ ಮತ್ತೆ ಅಳೆದರೆ ಸ್ಕ್ರೂ ಎಲ್ಲಿ ಹೆಚ್ಚು ಸವೆದಿದೆ ಎಂಬುದೂ ಗೋಚರಿಸುತ್ತದೆ.

ಇನ್ನು ಮೂರು ತೋಳುಗಳ ವಿನ್ಯಾಸದಲ್ಲೇ ಇರುವ ಒಂದು ತೊಡಕು. ಗುಂಡನ್ನು ಒಂದು ಬದಿಯಿಂದ ತಳ್ಳಿದಾಗ ಚಕ್ಕೆ ಒಂದು ತೋಳಿನ ತುದಿಯ ಮೇಲೆ ಮಗುಚುತ್ತದೆ. ಎದುರಿನಿಂದ ತಳ್ಳಿದಾಗ ಎರಡು ತೋಳುಗಳನ್ನು ಸೇರಿಸುವ ಗೆರೆಯ ಮೇಲೆ. ಕೇಂದ್ರದಿಂದ ಆ ಗೆರೆಗಿರುವ ದೂರ ತೋಳಿನ ಅರ್ಧದಷ್ಟೇ. ಆದ್ದರಿಂದ ಎದುರುಬದುರು ದಿಕ್ಕುಗಳಲ್ಲಿ ಬೇಕಾಗುವ ಬಲ ಒಂದಕ್ಕೆ ಎರಡರಷ್ಟು, ಸ್ಟೈಲಸ್ಸಿನ ಬಾಗೂ ಅಷ್ಟೇ ಏರುಪೇರು. ವ್ಯಾಸದ ಲೆಕ್ಕ ಸರಿಹೋದರೂ ಕೇಂದ್ರ ಒಂದು ಕಡೆಗೆ ವಾಲುತ್ತದೆ. ಪರಿಹಾರ ಕೈಯಲ್ಲೇ ಇದೆ. ಪ್ರೋಬಿನ ಮೇಲೊಂದು ಗುರುತು ಹಾಕಿ, ಎಡ ಬದಿಗೆ ತಾಗಿಸುವಾಗ ಆ ಗುರುತು ಎಡಕ್ಕಿರಲಿ, ಬಲ ಬದಿಗೆ ತಾಗಿಸುವಾಗ ಸ್ಪಿಂಡಲನ್ನು ಅರ್ಧ ಸುತ್ತು ತಿರುಗಿಸಿ ಬಲಕ್ಕೆ ತನ್ನಿ. ಗುಂಡಿನ ಒಂದೇ ಬಿಂದು, ಒಂದೇ ತೋಳು, ಒಂದೇ ಬಲ. ತೋಳುಗಳ ಏರುಪೇರೂ ಹೋಗುತ್ತದೆ, ಸ್ಪಿಂಡಲ್ ಅಕ್ಷದಿಂದ ಗುಂಡು ಸರಿದಿದ್ದರ ಪರಿಣಾಮವೂ ಕೇಂದ್ರದ ಲೆಕ್ಕದಿಂದ ಕಳಚಿಕೊಳ್ಳುತ್ತದೆ. ಮೊದಲು ಹೇಳಿದ ಬೇರೆ ದಾರಿ ಇದೇ. ಹೀಗೆ ತಿರುಗಿಸಿ ಅಳೆಯುವ ಪದ್ಧತಿಗೆ ಕಾರ್ಯಕಾರಿ ವ್ಯಾಸವನ್ನೂ ತಿರುಗಿಸಿಯೇ ಅಳೆದಿಟ್ಟುಕೊಳ್ಳಿ. ಪ್ರತಿ ಜಾಬಿಗೂ ಇಷ್ಟು ತಾಳ್ಮೆ ಬೇಡವೆನಿಸಿದರೆ, ಗುರುತು ಯಾವಾಗಲೂ ನಿಮ್ಮ ಕಡೆಗೇ ಇರುವಂತೆ ಪ್ರೋಬ್ ಹಾಕುವ ರೂಢಿಯನ್ನಾದರೂ ಬೆಳೆಸಿಕೊಳ್ಳಿ.

ಝಡ್ ದಿಕ್ಕು ಸುಲಭ. ಮೇಲಿನಿಂದ ಒತ್ತಿದಾಗ ಸ್ಟೈಲಸ್ ಬಾಗುವುದಿಲ್ಲ, ಗುಂಡಿನ ವ್ಯಾಸದ ಲೆಕ್ಕವೂ ಬರುವುದಿಲ್ಲ. ಗೊತ್ತಿರುವ ಎತ್ತರದ ಸ್ಲಿಪ್ ಗೇಜಿನ ಮೇಲೆ ತಾಗಿಸಿ ಉದ್ದ ಪಡೆದರೆ ಮುಗಿಯಿತು. ಎಕ್ಸ್, ವೈ ದಿಕ್ಕಿಗೆ ಕಂಡುಹಿಡಿದ ವ್ಯಾಸವನ್ನು ಇಲ್ಲಿ ತರಬೇಡಿ.

ಉಷ್ಣತೆಯ ಪ್ರಶ್ನೆಯನ್ನು ಓದುಗರು ಕೇಳಿಯೇ ಕೇಳುತ್ತಾರೆ. ಜಗತ್ತಿನ ಉದ್ದದ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದವು. 30 ಡಿಗ್ರಿಯ ಮಧ್ಯಾಹ್ನ ನಮ್ಮ ಬೇರಿಂಗಿನ ಬೋರು ಹಿಗ್ಗುವುದು ಎರಡು ಮೈಕ್ರಾನಿಗೂ ಕಡಿಮೆ, ಉಕ್ಕಿನ ಸ್ಕ್ರೂ ಕೂಡ ಅದೇ ಪ್ರಮಾಣದಲ್ಲಿ ಹಿಗ್ಗಿರುತ್ತದೆ. ಕ್ಯಾಲಿಬ್ರೇಶನ್ನಿಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಅಲ್ಯುಮಿನಿಯಂ ಜಾಬಿನಲ್ಲಿ. ಕಲಬುರಗಿಯ ಬೇಸಗೆಯಲ್ಲಿ, 40 ಡಿಗ್ರಿಯ ಶೆಡ್ಡಿನಲ್ಲಿ, 200 ಮಿಲಿಮೀಟರಿನ ಅಲ್ಯುಮಿನಿಯಂ ತುಂಡು 20 ಡಿಗ್ರಿಯಲ್ಲಿದ್ದುದಕ್ಕಿಂತ 0.09 ಮಿಲಿಮೀಟರ್ ಉದ್ದವಾಗಿರುತ್ತದೆ. ಸ್ಕ್ರೂ ಅದರ ಅರ್ಧದಷ್ಟು ಮಾತ್ರ ಹಿಗ್ಗುತ್ತದೆ. ಉಳಿದ ಅರ್ಧ ಪ್ರೋಬಿನ ತಪ್ಪಲ್ಲ. ಅಂಥ ಜಾಬನ್ನು ಬೆಳಗಿನ ತಂಪಿನಲ್ಲಿ ಮುಗಿಸುವುದು ಒಳ್ಳೆಯದು.

ಕೊನೆಯ ಪರೀಕ್ಷೆ ನಿಜವಾದ ಕೆಲಸದಲ್ಲೇ ನಡೆಯಬೇಕು. ಅಲ್ಯುಮಿನಿಯಂ ತುಂಡೊಂದರಲ್ಲಿ ಬೋರು ಕೊರೆದು, ತುಂಡನ್ನು ಬಿಚ್ಚದೆ ಪ್ರೋಬಿನಿಂದ ಅಳೆಯಿರಿ. ಬಿಚ್ಚಿದ ಮೇಲೆ ಒಳ್ಳೆಯ ಬೋರ್ ಗೇಜಿನಿಂದ ಅಳೆಯಿರಿ. ಎರಡೂ ಮಿಲಿಮೀಟರಿನ ನೂರನೇ ಒಂದೆರಡು ಭಾಗದೊಳಗೆ ಹೊಂದಿದರೆ ನಿಮ್ಮ ಪ್ರೋಬ್ ನಂಬಿಕೆಗೆ ಅರ್ಹ. ನೀವು ಪಡೆದ ಅಂಕಿ ಪ್ರೋಬಿನದು ಮಾತ್ರವಲ್ಲ. ಆ ಸ್ಟೈಲಸ್, ಆ ಸ್ಪ್ರಿಂಗ್, ಆ ವೇಗ, ಆ ಯಂತ್ರದ ಸ್ಕ್ರೂ, ಅದರ ಬ್ಯಾಕ್‌ಲ್ಯಾಶ್ ಎಲ್ಲವೂ ಸೇರಿದ ಅಂಕಿ. ಗೆಳೆಯನ ಯಂತ್ರಕ್ಕೆ ಅದೇ ಪ್ರೋಬ್ ಹಾಕಿದರೆ ಅಲ್ಲಿ ಮತ್ತೆ ಅಳೆಯಲೇಬೇಕು.

ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಅಧ್ಯಾಪಕರಲ್ಲಿ ಒಂದು ವಿನಂತಿ. ಮಾಪನದ ಪಾಠವನ್ನು ಕರಿಹಲಗೆಯಲ್ಲಿ ಮುಗಿಸದೆ, ವಿದ್ಯಾರ್ಥಿಗಳ ಒಂದೊಂದು ಗುಂಪಿನಿಂದ ಇಂಥ ಒಂದು ಪ್ರೋಬ್ ಮಾಡಿಸಿ, ಒಂದು 6202 ಬೇರಿಂಗ್ ಕೊಟ್ಟು, ಒಳಗೂ ಹೊರಗೂ ಅಳೆಸಿ. ಬಂದ ಎರಡು ಅಂಕಿಗಳು ಏಕೆ ಹೊಂದಲಿಲ್ಲ ಎಂಬುದಕ್ಕೆ ಉತ್ತರವನ್ನು ಅವರೇ ಬರೆದು ತರಲಿ.